ನಕ್ಷೆ ಒಬ್ಬರದು, ಸಹಿ ಇನ್ನೊಬ್ಬರದು

ನಮ್ಮ ಕಟ್ಟಡದ ಟೆರೇಸಿನ ಬೀಗದ ಕೈ ಇರುವುದು ನಮ್ಮ ಮನೆಯಲ್ಲಿ. ನಾಲ್ಕನೆಯ ಮಾಳಿಗೆಯಲ್ಲಿ ಮೆಟ್ಟಿಲಿನ ಎದುರಿಗೇ ನಮ್ಮ ಬಾಗಿಲು. ನೀರಿನ ಟಾಂಕಿ ತೊಳೆಯುವವರು, ಕೇಬಲ್‌ನವರು, ಬೇಸಿಗೆಯಲ್ಲಿ ಹಪ್ಪಳ ಒಣಗಿಸುವ ಮೂರನೆಯ ಮಾಳಿಗೆಯ ಗುಜರಾತಿ ಬೆನ್, ಎಲ್ಲರೂ ನನ್ನಿಂದಲೇ ಅದನ್ನು ಕೇಳಿ ಪಡೆಯಬೇಕು. ಹಾಗಾಗಿ ಯಾರು ಮೇಲೆ ಹೋದರು, ಯಾರು ಹೋಗಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿರುತ್ತದೆ.

ಕಳೆದ ವರ್ಷ ನಮ್ಮ ಸೊಸೈಟಿಯವರು ಕಟ್ಟಡದ ಸ್ಟ್ರಕ್ಚರಲ್ ಆಡಿಟ್ ಮಾಡಿಸಿದರು. ಮುಂಬಯಿಯಲ್ಲಿ ಸ್ವಂತ ಬ್ಲಾಕ್ ಇರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹದಿನೈದರಿಂದ ಮೂವತ್ತು ವರ್ಷದ ಕಟ್ಟಡವಾದರೆ 5 ವರ್ಷಕ್ಕೊಮ್ಮೆ, ಮೂವತ್ತು ದಾಟಿದ್ದರೆ 3 ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕೆಂದು ಸೊಸೈಟಿಗಳ ಮಾದರಿ ಉಪವಿಧಿಗಳೇ ಹೇಳುತ್ತವೆ. ಮುಲುಂಡಿನ ನಮ್ಮ ಕಟ್ಟಡ 1979ರದು. ನೆಲಮಾಳಿಗೆಯ ಮೇಲೆ ನಾಲ್ಕು ಮಾಳಿಗೆ, ಇಪ್ಪತ್ತು ಮನೆ, ಲಿಫ್ಟ್ ಇಲ್ಲ. ಐದು ಜನರ ಕೊಟೇಶನ್ ತರಿಸಿ, ಎಂದಿನಂತೆ ಎಲ್ಲಕ್ಕಿಂತ ಕಡಿಮೆ ಇದ್ದುದನ್ನು ಆರಿಸಿದ್ದಾಯಿತು. ಒಂದು ದಿನ ಬೆಳಿಗ್ಗೆ ಬೆನ್ನಿಗೆ ಚೀಲ ನೇತುಹಾಕಿಕೊಂಡ ಒಬ್ಬ ಹುಡುಗ ಬಂದ. ಕೆಳಗಿನ ಕಾಲಂಗಳ ಮೇಲೆ ಸುತ್ತಿಗೆಯಂಥ ಒಂದು ಯಂತ್ರವನ್ನು ಅಲ್ಲಲ್ಲಿ ಒತ್ತಿ, ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು, ವಾಚ್‌ಮನ್ ತಂದುಕೊಟ್ಟ ಚಹಾ ಕುಡಿದು ಹೋದ. ಟೆರೇಸಿನ ಬೀಗದ ಕೈ ಕೇಳಲು ಯಾರೂ ಬರಲಿಲ್ಲ.

ಒಂದು ತಿಂಗಳ ನಂತರ 38 ಪುಟದ ವರದಿ ಬಂತು. ಕಟ್ಟಡ ಸಿ-1.

ಈ ಸಿ-1 ಎಂಬುದು ಮುಂಬಯಿಯಲ್ಲಿ ಮನೆ ಇದ್ದವರ ಎದೆ ನಡುಗಿಸುವ ಅಕ್ಷರ. ಮಹಾನಗರಪಾಲಿಕೆಯ ಲೆಕ್ಕದಲ್ಲಿ ಸಿ-3 ಎಂದರೆ ಸಣ್ಣಪುಟ್ಟ ರಿಪೇರಿ ಸಾಕು. ಸಿ-2ಬಿ ಎಂದರೆ ದೊಡ್ಡ ರಿಪೇರಿ ಬೇಕು, ಆದರೆ ಮನೆ ಬಿಡಬೇಕಾಗಿಲ್ಲ. ಸಿ-2ಎ ಆದರೆ ಮನೆ ಖಾಲಿಮಾಡಿ ಕೆಲವು ಭಾಗ ಕೆಡವಿ ರಿಪೇರಿ ಮಾಡಬೇಕು. ಸಿ-1 ಎಂದರೆ ವಾಸಕ್ಕೆ ಅಪಾಯ, ಖಾಲಿಮಾಡಿ ಕೆಡವಿರಿ ಎಂದು ಅರ್ಥ. ನೋಟೀಸು ಬಂದ ಮೇಲೂ ಜನ ಬಿಡದಿದ್ದರೆ ನೀರು, ಕರೆಂಟು ಕಡಿಯುತ್ತಾರೆ. ಎರಡನೆಯ ಮಾಳಿಗೆಯಲ್ಲಿ ಎಂಬತ್ತು ದಾಟಿದ ಕುಳಕರ್ಣಿ ಕಾಕೂ ಒಬ್ಬರೇ ಇದ್ದಾರೆ. ಸುದ್ದಿ ಕೇಳಿ ಅವರು ನನ್ನನ್ನು ಕರೆದು, "ಈ ಪಾತ್ರೆಗಳನ್ನೆಲ್ಲ ಯಾರಿಗೆ ಕೊಡಲಿ?" ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ.

ವರದಿ ಕಮಿಟಿಯವರ ಕೈಯಲ್ಲಿತ್ತು, ಆದರೆ ಕೊನೆಯ ಪುಟದ ಆ ಒಂದು ಅಕ್ಷರ ಬಿಟ್ಟು ಯಾರೂ ಏನನ್ನೂ ಓದಿರಲಿಲ್ಲ. ನಮ್ಮ ಯಜಮಾನರು ಕಮಿಟಿಯಲ್ಲಿದ್ದುದರಿಂದ ಒಂದು ಪ್ರತಿ ಮನೆಗೆ ಬಂತು. ಎಂದೋ ಓದಿದ ಇಂಗ್ಲಿಷ್ ಬಿ.ಎ. ಉಪಯೋಗಕ್ಕೆ ಬಂದ ಸಂದರ್ಭಗಳು ನನ್ನ ಬಾಳಿನಲ್ಲಿ ಕಡಿಮೆ. ಇದು ಅವುಗಳಲ್ಲಿ ಒಂದು. ಮಧ್ಯಾಹ್ನ ಕನ್ನಡಕ ಹಾಕಿ, ಪೆನ್ಸಿಲ್ ಹಿಡಿದು ಕುಳಿತೆ. ಒಂಬತ್ತನೆಯ ಪುಟದಲ್ಲಿ ನಮ್ಮ ಕಟ್ಟಡದ ಲಿಫ್ಟ್ ರೂಮಿನ ಗೋಡೆ ಬಿರುಕು ಬಿಟ್ಟಿದೆ ಎಂದಿತ್ತು. ಇಲ್ಲದ ಲಿಫ್ಟಿಗೆ ಇಲ್ಲದ ರೂಮು, ಅದರಲ್ಲಿ ಬಿರುಕು! ಹದಿನಾಲ್ಕನೆಯ ಪುಟದಲ್ಲಿ ಏಳು ಮಾಳಿಗೆಗಳಿದ್ದವು. ಟೆರೇಸಿನ ವಾಟರ್‌ಪ್ರೂಫಿಂಗ್ ಪೂರ್ತಿ ಕೆಟ್ಟಿದೆ ಎಂದೂ ಬರೆದಿತ್ತು. ಟೆರೇಸಿಗೆ ಹತ್ತದೆಯೇ. ಕಟ್ಟಕಡೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ, ಈ ವರದಿಯಿಂದ ಆಗಬಹುದಾದ ಯಾವ ನಷ್ಟಕ್ಕೂ ತಾವು ಹೊಣೆಯಲ್ಲ ಎಂಬ ಮಾತು. ಅದರ ಮೇಲೆ ದೊಡ್ಡ ಸಹಿ, ದುಂಡನೆಯ ಸೀಲು.

ಸೆಕ್ರೆಟರಿ ಫೋನ್ ಮಾಡಿ ಕೇಳಿದಾಗ ಮೊದಲು ಬಂದ ಉತ್ತರ "ಟೈಪಿಂಗ್ ಮಿಸ್ಟೇಕ್." ಬಿಡದೆ ಕೆದಕಿದಾಗ ನಿಜಸಂಗತಿ ಹೊರಬಿತ್ತು. ಸಹಿ ಹಾಕಿದ ಇಂಜಿನಿಯರರು ಪರೀಕ್ಷೆಯ ಕೆಲಸವನ್ನು ಒಂದು ಲ್ಯಾಬಿಗೆ ವಹಿಸಿದ್ದರು. ಲ್ಯಾಬಿನವರಿಗೆ ಆ ವಾರ ಕೆಲಸ ಹೆಚ್ಚಿದ್ದರಿಂದ ಇನ್ನೊಬ್ಬರಿಗೆ ಹೇಳಿದ್ದರು. ಅವರು ಆ ಹುಡುಗನನ್ನು ಕಳಿಸಿದ್ದರು. ವರದಿ ಟೈಪ್ ಮಾಡಿದವರು ನಾಲ್ಕನೆಯವರು, ಅವರು ಹಿಂದಿನ ಯಾವುದೋ ಕಟ್ಟಡದ ವರದಿಯನ್ನು ಮುಂದಿಟ್ಟುಕೊಂಡು ಅಂಕಿಗಳನ್ನು ಬದಲಾಯಿಸಿದ್ದರು. ಸಹಿ ಹಾಕಿದವರು ನಮ್ಮ ರಸ್ತೆಗೂ ಬಂದವರಲ್ಲ. ಅವರ ಹೆಸರು ಇಲ್ಲಿ ಬೇಡ. ಇಂಥವರು ಒಬ್ಬರೇ ಅಲ್ಲ ಎಂಬುದು ಆಮೇಲೆ ನಾಲ್ಕಾರು ಸೊಸೈಟಿಗಳವರೊಡನೆ ಮಾತಾಡಿದಾಗ ತಿಳಿಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಹೊರಗಿನವರಿಗೆ ಕೆಲಸ ಒಪ್ಪಿಸುವ ಈ ಪದ್ಧತಿಯನ್ನೇ ನಾನು ಬೈಯತೊಡಗಿದೆ. ಸೊಸೆ ನಕ್ಕಳು. "ಅತ್ತೆ, ಹಾಗಾದ್ರೆ ನನ್ನ ಕೆಲಸ ಏನಂತೀರಿ?"

ಅವಳ ಮಾತಿಗೆ ನಾನು ತೆಪ್ಪಗಾಗಬೇಕಾಯಿತು. ನಮ್ಮ ಸೊಸೆ ಸಿವಿಲ್ ಇಂಜಿನಿಯರ್. ನವಿ ಮುಂಬಯಿಯ ಒಂದು ಕಚೇರಿಯಲ್ಲಿ ಕೆಲಸ, ವಾರದಲ್ಲಿ ಮೂರು ದಿನ ಮನೆಯ ಊಟದ ಮೇಜೇ ಕಚೇರಿ. ಅಮೆರಿಕದ ಉಕ್ಕಿನ ಕಟ್ಟಡಗಳಿಗೆ ಇಲ್ಲಿ ಕುಳಿತು ನಕ್ಷೆ ತಯಾರಿಸುವುದು ಅವಳ ಕಸುಬು. ಈಗ ಅವಳ ಕಂಪ್ಯೂಟರಿನಲ್ಲಿರುವುದು ಟೆಕ್ಸಾಸಿನ ಒಂದು ಶಾಲೆ. ಅವಳು ಟೆಕ್ಸಾಸ್ ನೋಡಿದವಳಲ್ಲ, ಆ ಶಾಲೆಯಲ್ಲಿ ಓದುವ ಮಕ್ಕಳು ಇವಳನ್ನು ನೋಡುವವರಲ್ಲ. ಆದರೆ ಆ ಶಾಲೆಯ ಒಂದೊಂದು ಬೀಮಿಗೆ ಎಲ್ಲಿ ತೂತು, ಎಷ್ಟು ಬೋಲ್ಟು, ಎಲ್ಲಿ ಬೆಸುಗೆ ಎಂಬುದೆಲ್ಲ ನಮ್ಮ ಮನೆಯ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ತೀರ್ಮಾನವಾಗುತ್ತದೆ.

ಕೆಲಸದ ಸರಣಿ ಅವಳೇ ಹೇಳಿದಂತೆ ಹೀಗೆ. ಅಲ್ಲಿಯ ಇಂಜಿನಿಯರ್ ಕಟ್ಟಡದ ಒಟ್ಟು ವಿನ್ಯಾಸ ಮಾಡುತ್ತಾನೆ. ಉಕ್ಕನ್ನು ಕತ್ತರಿಸಿ ಜೋಡಿಸಿ ಕೊಡುವ ಕಾರ್ಖಾನೆಯವನು, ಅಂದರೆ ಫ್ಯಾಬ್ರಿಕೇಟರ್, ಬೇರೆ. ಅವನಿಗೆ ಪ್ರತಿ ತುಂಡಿಗೂ ಪ್ರತ್ಯೇಕ ನಕ್ಷೆ ಬೇಕು. ಇದನ್ನು ಶಾಪ್ ಡ್ರಾಯಿಂಗ್ ಎನ್ನುತ್ತಾರೆ. ಅದನ್ನು ಅವನು ಹೊರಗಿನವರಿಂದ ಮಾಡಿಸುತ್ತಾನೆ. ಆ ಹೊರಗಿನವರು ಈಗ ಬಹಳ ಮಟ್ಟಿಗೆ ನಮ್ಮ ಚೆನ್ನೈ, ಹೈದರಾಬಾದ್, ಪುಣೆ, ಬೆಂಗಳೂರು, ಕೊಯಮತ್ತೂರುಗಳಲ್ಲಿದ್ದಾರೆ. ಖರ್ಚು ಕಡಿಮೆ ಎಂಬುದೇನೋ ಸರಿ. ಅವರ ಸಂಜೆ ನಮ್ಮ ಬೆಳಗು ಎಂಬುದೂ ಅನುಕೂಲ. ಟೆಕ್ಸಾಸಿನವರು ಕಚೇರಿ ಮುಚ್ಚಿ ಮನೆಗೆ ಹೋಗುವ ಹೊತ್ತಿಗೆ ಕಳಿಸಿದ ಕೆಲಸ ಅವರು ಮರುದಿನ ಬಂದು ಕೂರುವಷ್ಟರಲ್ಲಿ ತಯಾರಾಗಿರುತ್ತದೆ. ಇಲ್ಲಿ ಮಾಡಿದ ನಕ್ಷೆಗಳು ಮತ್ತೆ ಅಲ್ಲಿಯ ಇಂಜಿನಿಯರನಿಗೆ ಹೋಗಿ, ಅವನು ನೋಡಿ ಮುದ್ರೆ ಒತ್ತಿದ ಮೇಲೆಯೇ ಕಾರ್ಖಾನೆಯಲ್ಲಿ ಗರಗಸ ತಿರುಗಬೇಕು.

"ಅವನು ನೋಡದೇ ಒತ್ತಿದರೆ?" ಎಂದು ನಾನು ಕೇಳಿದೆ.

"ಅದನ್ನೇ ನಮಗೆ ಕೆಲಸಕ್ಕೆ ಸೇರಿದ ಮೊದಲ ವಾರ ಹೇಳಿಕೊಡೋದು," ಎಂದು ಅವಳು ಕನ್ಸಾಸ್ ಸಿಟಿಯ ಹೋಟೆಲಿನ ಕಥೆ ಹೇಳಿದಳು. ಕಥೆಯಲ್ಲ, ನಡೆದದ್ದು.

ಅಮೆರಿಕದ ಮಿಸೌರಿ ರಾಜ್ಯದ ಕನ್ಸಾಸ್ ಸಿಟಿಯಲ್ಲಿ 1980ರಲ್ಲಿ ಹಯಾತ್ ರೀಜೆನ್ಸಿ ಎಂಬ ದೊಡ್ಡ ಹೋಟೆಲು ತೆರೆಯಿತು. ಅದರ ವಿಶಾಲವಾದ ಹಜಾರದ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಾಡಲು ಸೇತುವೆಯಂಥ ಹಾದಿಗಳನ್ನು ಚಾವಣಿಯಿಂದ ಉಕ್ಕಿನ ಸರಳುಗಳಲ್ಲಿ ತೂಗುಬಿಟ್ಟಿದ್ದರು. ನಾಲ್ಕನೆಯ ಮಾಳಿಗೆಯ ಹಾದಿಯ ನೇರ ಕೆಳಗೆ ಎರಡನೆಯ ಮಾಳಿಗೆಯ ಹಾದಿ. 1981ರ ಜುಲೈ 17ರ ಸಂಜೆ ಕೆಳಗೆ ಸಂಗೀತ, ನೃತ್ಯ ನಡೆದಿತ್ತು. ಹಜಾರದ ತುಂಬ ಜನ, ಮೇಲಿನ ಹಾದಿಗಳಲ್ಲೂ ನಿಂತು ನೋಡುವವರು. ನೋಡನೋಡುತ್ತಿದ್ದಂತೆ ನಾಲ್ಕನೆಯ ಮಾಳಿಗೆಯ ಹಾದಿ ಕಳಚಿ ಎರಡನೆಯದರ ಮೇಲೆ, ಎರಡೂ ಸೇರಿ ಕೆಳಗಿನ ಜನರ ಮೇಲೆ ಬಿದ್ದವು. 114 ಜನ ಸತ್ತರು. ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು.

ಯಾಕೆ ಬಿತ್ತು ಎಂಬುದನ್ನು ಅವಳು ಬಾಲ್ಕನಿಯ ನನ್ನ ಮನಿಪ್ಲಾಂಟ್ ಕುಂಡಗಳನ್ನು ತೋರಿಸಿ ಅರ್ಥಮಾಡಿಸಿದಳು. ಒಂದೇ ಉದ್ದ ಹಗ್ಗಕ್ಕೆ ಎರಡು ಕುಂಡ. ಮೇಲಿನ ಕುಂಡ ಹಗ್ಗದ ನಡುವಿನ ಗಂಟಿನ ಮೇಲೆ ಕೂತಿದೆ, ಹಗ್ಗ ಹಾಗೆಯೇ ಕೆಳಗಿಳಿದು ಇನ್ನೊಂದು ಗಂಟಿನ ಮೇಲೆ ಕೆಳಗಿನ ಕುಂಡ. ಹಗ್ಗ ಎರಡರ ಭಾರ ಹೊರುತ್ತದೆ ನಿಜ, ಆದರೆ ಒಂದೊಂದು ಗಂಟಿಗೆ ಒಂದೊಂದೇ ಕುಂಡದ ಭಾರ. ಈಗ ಹಗ್ಗವನ್ನು ನಡುವೆ ಕತ್ತರಿಸಿ, ಕೆಳಗಿನ ಕುಂಡವನ್ನು ಬೇರೊಂದು ಹಗ್ಗದಿಂದ ಮೇಲಿನ ಕುಂಡಕ್ಕೇ ಕಟ್ಟಿದರೆ? ನೋಡುವವರಿಗೆ ವ್ಯತ್ಯಾಸ ಕಾಣದು. ಆದರೆ ಮೇಲಿನ ಗಂಟು ಎರಡು ಕುಂಡಗಳ ಭಾರ ಹೊರಬೇಕು.

ಆ ಹೋಟೆಲಿನಲ್ಲಿ ಆದದ್ದು ಇದೇ. ಮೂಲ ನಕ್ಷೆಯಲ್ಲಿ ಚಾವಣಿಯಿಂದ ಎರಡನೆಯ ಮಾಳಿಗೆಯವರೆಗೆ ಒಂದೇ ಸರಳು ಇತ್ತು. ಅಷ್ಟುದ್ದದ ಸರಳಿಗೆ ಮರೆ ಕೊರೆದು ನಡುವಿನವರೆಗೆ ನಟ್ಟು ಏರಿಸುವುದು ಕಷ್ಟವೆಂದು ಫ್ಯಾಬ್ರಿಕೇಟರ್ ಅದನ್ನು ಎರಡು ಸರಳಾಗಿ ಬದಲಾಯಿಸಿದ. ಫೋನಿನಲ್ಲಿ ಕೇಳಿ ಒಪ್ಪಿಗೆ ಪಡೆದೆವು ಎಂದು ಫ್ಯಾಬ್ರಿಕೇಟರ್ ಕಡೆಯವರು ಹೇಳಿದರು. ಅಂಥ ಕರೆ ಬಂದೇ ಇಲ್ಲ ಎಂದು ಇಂಜಿನಿಯರರು. ಕಾಗದದಲ್ಲಿ ಏನೂ ಇರಲಿಲ್ಲ.

ನನ್ನ ಮನಸ್ಸಿಗೆ ನಾಟಿದ್ದು ಇದರ ಮುಂದಿನ ಸಂಗತಿ. ಫ್ಯಾಬ್ರಿಕೇಟರನಿಗೆ ಆಗ ಕೈತುಂಬ ಕೆಲಸವಿದ್ದುದರಿಂದ ಶಾಪ್ ಡ್ರಾಯಿಂಗುಗಳನ್ನು ಹೊರಗಿನ ಇನ್ನೊಂದು ಸಂಸ್ಥೆಗೆ ವಹಿಸಿದ್ದ. ನಮ್ಮ ಲ್ಯಾಬಿನವರ ಹಾಗೆಯೇ! ನಕ್ಷೆ ಬರೆದವರು, ಈ ಜೋಡಣೆಯ ಲೆಕ್ಕವನ್ನು ಇಂಜಿನಿಯರ್ ಆಗಲೇ ಮಾಡಿದ್ದಾನೆ ಎಂದುಕೊಂಡರು. ಇಂಜಿನಿಯರರು, ಜೋಡಣೆಯ ಲೆಕ್ಕ ಫ್ಯಾಬ್ರಿಕೇಟರ್ ಕಡೆಯವರೇ ಮಾಡುವ ರೂಢಿ ಎಂದುಕೊಂಡರು. ಇಬ್ಬರು ಸೊಸೆಯಂದಿರಿರುವ ಮನೆಯ ಸಾರಿನಂತೆ. ಅವಳು ಹಾಕಿದ್ದಾಳೆ ಎಂದು ಇವಳು, ಇವಳು ಹಾಕಿದ್ದಾಳೆ ಎಂದು ಅವಳು, ಕೊನೆಗೆ ಸಾರಿಗೆ ಉಪ್ಪೇ ಇಲ್ಲ. 1979ರ ಫೆಬ್ರವರಿಯಲ್ಲಿ 42 ಶಾಪ್ ಡ್ರಾಯಿಂಗುಗಳು ಇಂಜಿನಿಯರರ ಕಚೇರಿಗೆ ಹೋದವು. ಹತ್ತು ದಿನದಲ್ಲಿ ಮುದ್ರೆ ಒತ್ತಿಸಿಕೊಂಡು ಹಿಂದೆ ಬಂದವು. ಆ ಒಂದು ಜೋಡಣೆಯ ಲೆಕ್ಕವನ್ನು ಯಾರೂ ಮಾಡಿರಲಿಲ್ಲ. ಆಮೇಲೆ ಅಲ್ಲಿಯ ಸರ್ಕಾರಿ ಸಂಸ್ಥೆ ಪರೀಕ್ಷಿಸಿದಾಗ ಮೂಲ ನಕ್ಷೆಯ ಒಂಟಿ ಸರಳಿನ ಜೋಡಣೆ ಕೂಡ ನಗರದ ನಿಯಮ ಕೇಳುವ ಬಲದಲ್ಲಿ ಶೇಕಡಾ 60ರಷ್ಟೇ ಇತ್ತೆಂದು ಗೊತ್ತಾಯಿತು. ಬದಲಾವಣೆಯಿಂದ ಅದೂ ಅರ್ಧಕ್ಕಿಳಿಯಿತು.

1985ರಲ್ಲಿ ವಿಚಾರಣೆಯ ತೀರ್ಪು ಬಂತು. ನಕ್ಷೆ ನಾವು ಬರೆದದ್ದಲ್ಲ, ಬೇರೆಯವರು ಬರೆದದ್ದು ಎಂಬ ವಾದ ಅಲ್ಲಿ ನಡೆಯಲಿಲ್ಲ. ಮುದ್ರೆ ನಿಮ್ಮದು, ಹೊಣೆಯೂ ನಿಮ್ಮದೇ ಎಂದಾಯಿತು. ಮುಂದಿನ ವರ್ಷ ಆ ಇಂಜಿನಿಯರರು ಮಿಸೌರಿಯಲ್ಲಿ ತಮ್ಮ ಲೈಸೆನ್ಸ್ ಕಳೆದುಕೊಂಡರು.

"ಅದಕ್ಕೇ ಅತ್ತೆ, ನಮಗೆ ಒಂದು ಬೋಲ್ಟಿನ ಸಂಶಯ ಬಂದ್ರೂ ನಾವೇ ಊಹೆ ಮಾಡೋ ಹಾಗಿಲ್ಲ. ಬರೆದು ಕೇಳಬೇಕು, ಅವರು ಬರೆದೇ ಉತ್ತರ ಕೊಡಬೇಕು," ಎಂದಳು ಸೊಸೆ. ಅದಕ್ಕೆ ಆರ್‌ಎಫ್‌ಐ ಎಂದು ಹೆಸರು. ಆ ಟೆಕ್ಸಾಸಿನ ಶಾಲೆಗೆ ಇದುವರೆಗೆ ನೂರಕ್ಕೂ ಹೆಚ್ಚು ಪ್ರಶ್ನೆ ಕಳಿಸಿದ್ದಾಳಂತೆ. ಅಲ್ಲಿಯ ಇಂಜಿನಿಯರನಿಗೆ ಇವಳ ಮೇಲೆ ಸಿಟ್ಟು ಬರುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, ಕೇಳದಿದ್ದರೆ ಬರುತ್ತದೆ ಎಂದಳು.

ನನ್ನ ಬೈಗುಳ ಅಲ್ಲಿಗೆ ದಿಕ್ಕು ಬದಲಾಯಿಸಿತು. ಹೊರಗಿನವರಿಗೆ ಕೆಲಸ ಕೊಟ್ಟದ್ದು ತಪ್ಪಾಗಿರಲಿಲ್ಲ. ಇಂದಿನ ಕಟ್ಟಡ ಒಬ್ಬರ ತಲೆಯಲ್ಲಿ ಹಿಡಿಸುವಂಥದ್ದಲ್ಲ. ಮಣ್ಣು ಪರೀಕ್ಷಿಸುವವರು ಬೇರೆ, ಕಾಂಕ್ರೀಟಿನವರು ಬೇರೆ, ನೀರು ಕೊಳಾಯಿಯ ಲೆಕ್ಕದವರು ಬೇರೆ. ಆದರೆ ಮದುವೆಯ ಅಡುಗೆಯನ್ನು ಕಾಂಟ್ರಾಕ್ಟಿಗೆ ಕೊಟ್ಟಾಗ ಪಾಯಸ ತಳ ಹಿಡಿದರೆ ಬೀಗರು ಕೇಳುವುದು ಅಡುಗೆಭಟ್ಟರನ್ನಲ್ಲ, ಹೆಣ್ಣಿನ ತಂದೆಯನ್ನು. ಆ ತಂದೆ ಅಡುಗೆಮನೆಗೆ ಒಮ್ಮೆ ಹೋಗಿ ಬಂದಿರಬೇಕಷ್ಟೆ. ನಮ್ಮ ವರದಿಗೆ ಸಹಿ ಹಾಕಿದವರು ಅದನ್ನು ಮಾಡಿರಲಿಲ್ಲ. ನಿಜ ಹೇಳಬೇಕೆಂದರೆ ನಾವೂ ಮಾಡಿರಲಿಲ್ಲ. ಯಾರು ಬರುತ್ತಾರೆ, ಎಲ್ಲೆಲ್ಲಿ ನೋಡುತ್ತಾರೆ ಎಂದು ಕೊಟೇಶನ್ ತೆರೆದ ದಿನ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಮೊತ್ತ ಮಾತ್ರ ನೋಡಿದೆವು.

ವಿಶೇಷ ಸಭೆ ಕರೆದರು. ಸಾಮಾನ್ಯವಾಗಿ ಈ ಸಭೆಗಳಲ್ಲಿ ಹೆಂಗಸರು ಹಿಂದಿನ ಕುರ್ಚಿಯಲ್ಲಿ ಕೂತು ಚಹಾ ಕುಡಿದು ಬರುವುದು. ಈ ಸಲ ನಾನು ಪೆನ್ಸಿಲ್ ಗುರುತಿನ ವರದಿ ಹಿಡಿದು ನನ್ನ ಮುರುಕು ಮರಾಠಿಯಲ್ಲಿ ಲಿಫ್ಟ್ ರೂಮಿನ ಪುಟ ಓದಿದೆ. ಮೊದಲು ನಗು, ಆಮೇಲೆ ಮೌನ. ಕೆಲವರಿಗೆ ನನ್ನ ಮೇಲೆ ಅಸಮಾಧಾನವೂ ಆಯಿತು. ಸಿ-1 ಆದರೆ ರೀಡೆವಲಪ್‌ಮೆಂಟ್ ಬೇಗ ಆಗುತ್ತದೆ, ದೊಡ್ಡ ಮನೆ ಸಿಗುತ್ತದೆ ಎಂಬ ಆಸೆ ಅವರಿಗೆ. ಆ ಆಸೆ ತಪ್ಪಲ್ಲ. ಆದರೆ ಅದಕ್ಕೆ ಬೇರೆ ದಾರಿ ಇದೆ. 2009ರಲ್ಲಿಯೂ ಮತ್ತೆ 2019ರ ಜುಲೈ 4ರಂದೂ ಮಹಾರಾಷ್ಟ್ರ ಸರ್ಕಾರ 79-ಎ ಕಲಮಿನಡಿ ನಿರ್ದೇಶನ ಹೊರಡಿಸಿತು. ಸಭೆ ಕರೆದು, ಪಿ.ಎಂ.ಸಿ. ನೇಮಿಸಿ, ಟೆಂಡರು ಕರೆದು ಮಾಡುವ ಕ್ರಮವನ್ನು ಅದು ಹಾಕಿಕೊಟ್ಟಿತು. ಕಟ್ಟಡ ಇಂದೋ ನಾಳೆಯೋ ಬೀಳುತ್ತದೆ ಎಂಬ ಸುಳ್ಳು ಕಾಗದದಿಂದ ಕಾಕೂ ಅಂಥವರನ್ನು ಅವಸರದಲ್ಲಿ ಬೀದಿಗೆ ತರಬೇಕಾಗಿಲ್ಲ.

ಪಿ.ಎಂ.ಸಿ. ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಸಂಘದ ಅನೇಕರ ಕಟ್ಟಡಗಳು ಈಗ ಅದೇ ಹಂತದಲ್ಲಿವೆ. ಸೊಸೈಟಿಯ ಪರವಾಗಿ ಬಿಲ್ಡರನ ಕೆಲಸ ನೋಡಿಕೊಳ್ಳಬೇಕಾದ ತಜ್ಞರು ಇವರು. ಎಲ್ಲ ಸಭೆಗಳಲ್ಲೂ ಕೇಳಿಬರುವ ಮಾತು, "ಸಬ್ ಕುಛ್ ಪಿ.ಎಂ.ಸಿ. ದೇಖೇಗಾ." ಆದರೆ ಎಷ್ಟೋ ಕಡೆ ಅವರ ಶುಲ್ಕ ಕೊನೆಗೆ ಬಿಲ್ಡರನ ಜೇಬಿನಿಂದ ಹೋಗುತ್ತದೆ. ನಮಗೆ ಖರ್ಚಿಲ್ಲವೆಂದು ನಾವು ಹಿಗ್ಗುತ್ತೇವೆ. ಯಾರ ಉಪ್ಪು ತಿಂದಿದ್ದಾರೋ ಅವರ ಕೆಲಸದಲ್ಲಿ ಅವರೇ ತಪ್ಪು ಹುಡುಕಬೇಕು ಎಂದರೆ ಹೇಗೆ? ಮನೆಗಿಷ್ಟು ಎಂದು ಹಾಕಿ ಶುಲ್ಕವನ್ನು ನಾವೇ ಕೊಡುವುದು ವಾಸಿ ಎಂದು ನನ್ನ ಅಭಿಪ್ರಾಯ. ನಮ್ಮ ಯಜಮಾನರು ಒಪ್ಪುವುದಿಲ್ಲ. ರೇರಾ ಕಾನೂನಿನಲ್ಲಿ ಕೂಡ ಹೀಗೆಯೇ. ಗ್ರಾಹಕರಿಂದ ಬಂದ ಹಣದಲ್ಲಿ ಶೇಕಡಾ 70ನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಡಬೇಕು, ಇಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಪ್ರಮಾಣಪತ್ರ ಕೊಟ್ಟ ಮೇಲೆಯೇ ಅದರಿಂದ ತೆಗೆಯಬೇಕು. ಒಳ್ಳೆಯ ಏರ್ಪಾಡು. ಆದರೆ ಕಟ್ಟಡ ಎಷ್ಟು ಎದ್ದಿದೆ ಎಂದು ಬರೆದುಕೊಡುವವರು ಸ್ಥಳಕ್ಕೆ ಬಂದಿದ್ದರೆ ತಾನೆ?

ಕೊನೆಗೆ ಇನ್ನೊಬ್ಬ ಇಂಜಿನಿಯರರಿಂದ ಮತ್ತೆ ಆಡಿಟ್ ಮಾಡಿಸುವುದೆಂದು ನಿರ್ಧಾರವಾಯಿತು. ಈ ಸಲ ಕರಾರುಪತ್ರದಲ್ಲಿ ಸೊಸೆ ಹೇಳಿದ ಎರಡು ಸಾಲು ಸೇರಿಸಿದೆವು. ಸಹಿ ಹಾಕುವವರು ತಾವೇ ಬಂದು ನೋಡಬೇಕು. ಕೆಲಸದ ಯಾವ ಭಾಗವನ್ನಾದರೂ ಬೇರೆಯವರಿಗೆ ವಹಿಸುವುದಾದರೆ ಸೊಸೈಟಿಗೆ ಮೊದಲೇ ಬರೆದು ತಿಳಿಸಬೇಕು. ಇಬ್ಬರು ಇದನ್ನು ಓದಿ ಕೊಟೇಶನ್ ಹಿಂದೆ ತೆಗೆದುಕೊಂಡರು. ಮೂರನೆಯವರು, ಅರವತ್ತು ದಾಟಿದವರು, ಒಪ್ಪಿದರು. ಮೊದಲಿನವರಿಗಿಂತ ದುಪ್ಪಟ್ಟು ಕೇಳಿದರು. ಕೊಟ್ಟೆವು.

ಅವರೂ ಲ್ಯಾಬಿನವರನ್ನು ಹೊರಗಿನಿಂದಲೇ ಕರೆತಂದರು, ಆದರೆ ಮೂರು ದಿನ ತಾವೂ ಜೊತೆಗಿದ್ದರು. ಸುತ್ತಿಗೆಯ ಪರೀಕ್ಷೆ ಕಾಂಕ್ರೀಟಿನ ಮೇಲ್ಮೈಯ ಗಟ್ಟಿತನವನ್ನಷ್ಟೇ ಹೇಳುತ್ತದಂತೆ. ಅದಕ್ಕೇ ಒಳಗಿನ ಸ್ಥಿತಿ ತಿಳಿಯಲು ಶಬ್ದದ ಅಲೆ ಹಾಯಿಸಿ ನೋಡಿದರು. ಮೂರು ಕಡೆ ಉರುಳೆಯಾಕಾರದ ತುಂಡು ಕೊರೆದು ತೆಗೆದರು. ನನಗೆ ಬಹಳ ಕುತೂಹಲ ಎನಿಸಿದ್ದು ಇನ್ನೊಂದು ಪರೀಕ್ಷೆ. ಒಡೆದ ಕಾಂಕ್ರೀಟಿನ ಮೇಲೆ ಒಂದು ದ್ರವ ಚಿಮುಕಿಸುತ್ತಾರೆ. ಒಳ್ಳೆಯ ಕಾಂಕ್ರೀಟಾದರೆ ಕುಂಕುಮ ಕದಡಿದ ನೀರಿನಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ವರ್ಷಗಟ್ಟಲೆ ಗಾಳಿಯಲ್ಲಿನ ಇಂಗಾಲಾಮ್ಲದಿಂದ ಕ್ಷಾರಗುಣ ಕಳೆದುಕೊಂಡಿದ್ದರೆ ಬಣ್ಣವೇ ಬರುವುದಿಲ್ಲ. ಆಗ ಒಳಗಿನ ಉಕ್ಕಿಗೆ ರಕ್ಷಣೆ ಇಲ್ಲ, ತುಕ್ಕು ಹಿಡಿಯುತ್ತದೆ. ನಮ್ಮ ಕಾಲಂಗಳಲ್ಲಿ ಬಹಳ ಕಡೆ ಬಣ್ಣ ಬಂತು. ಬಚ್ಚಲುಮನೆಗಳ ಸ್ಲ್ಯಾಬಿನಲ್ಲಿ ಬರಲಿಲ್ಲ. ಇಪ್ಪತ್ತು ಮನೆಗಳ ಬಚ್ಚಲನ್ನೂ ಅವರು ತಲೆಯೆತ್ತಿ ನೋಡಿದರು. ಕಾಕೂ ಮನೆಯಲ್ಲಿ ಉದುರುತ್ತಿದ್ದ ಪ್ಲಾಸ್ಟರನ್ನು ಬೆರಳಿನಿಂದ ಕೆರೆದು, ಒಳಗಿನ ಸರಳಿನ ದಪ್ಪ ಅಳೆದು ಬರೆದುಕೊಂಡರು. ಎರಡನೆಯ ದಿನ ಟೆರೇಸಿನ ಬೀಗದ ಕೈ ಕೇಳಲು ತಾವೇ ನಾಲ್ಕು ಮಾಳಿಗೆ ಹತ್ತಿ ಬಂದು, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು. ಮಜ್ಜಿಗೆ ಕೊಟ್ಟೆ.

ಅವರ ವರದಿ ಸಿ-2ಬಿ. ಬಚ್ಚಲುಗಳ ಸ್ಲ್ಯಾಬು, ಹಿಂಬದಿಯ ಆರು ಕಾಲಂಗಳಿಗೆ ದೊಡ್ಡ ರಿಪೇರಿ ಬೇಕು, ತಡಮಾಡಬಾರದು, ಮನೆ ಬಿಡಬೇಕಾಗಿಲ್ಲ. ಖರ್ಚಿನ ಅಂದಾಜು ನೋಡಿ ಎಲ್ಲರ ಮುಖ ಸಪ್ಪಗಾಯಿತು, ಆ ಮಾತು ಬೇರೆ.

ಮೊದಲ ವರದಿಯನ್ನು ಮುಚ್ಚಿಡುವುದು ಸರಿಯಲ್ಲವೆಂದು ಎರಡನ್ನೂ ಪಾಲಿಕೆಗೆ ಕೊಟ್ಟಿದ್ದೇವೆ. ಹೀಗೆ ಒಂದೇ ಕಟ್ಟಡಕ್ಕೆ ಎರಡು ಬೇರೆ ಬೇರೆ ವರದಿ ಬಂದಾಗ ಅದನ್ನು ತೀರ್ಮಾನಿಸುವುದು ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿ. ನಮ್ಮ ಕಡತ ಈಗ ಅಲ್ಲಿದೆ. ಕಾಕೂ ವಾರಕ್ಕೆರಡು ಸಲ ಏನಾಯಿತೆಂದು ಕೇಳುತ್ತಾರೆ. ಪಾತ್ರೆಗಳನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಸಮಿತಿಯ ಕಡೆಯವರು ಸ್ಥಳ ನೋಡಲು ಬಂದರೂ ಬರಬಹುದೆಂದು ಸೆಕ್ರೆಟರಿ ಹೇಳಿದ್ದಾರೆ. ಅದಕ್ಕಾಗಿ ಈ ಬೇಸಿಗೆ ನಾನು ಊರಿಗೆ ಹೋಗಲಿಲ್ಲ, ಬೀಗದ ಕೈ ನನ್ನ ಬಳಿಯೇ ಇದೆ.